ಬೇಕಲದ ಬುರುಜು, ನಮ್ಮ ಅಂಗಳದ ಕ್ಯಾಮರಾ

ಕಳೆದ ಡಿಸೆಂಬರಿನಲ್ಲಿ ನಾವು ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳನ್ನು ಬೇಕಲ ಕೋಟೆ ನೋಡಲು ಕರೆದುಕೊಂಡು ಹೋಗಿದ್ದೆವು. ಕೋಟೆಯೊಳಗಿನ ವೀಕ್ಷಣಾ ಬುರುಜಿನ ಇಳಿಜಾರು ದಾರಿ ಹತ್ತಿ ಮೇಲೆ ನಿಂತಾಗ ಗಾಳಿ ಜೋರಾಗಿ ಬೀಸುತ್ತಿತ್ತು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ತೆಂಗಿನ ತೋಟಗಳು. "ಇಲ್ಲಿ ನಿಂತು ಕಾವಲುಗಾರರು ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನೋಡುತ್ತಿದ್ದರು" ಎಂದು ನಾವು ಎಂದಿನಂತೆ ಪಾಠ ಸುರು ಮಾಡಿದೆವು. ಹಿಂದೆ ನಿಂತಿದ್ದ ಹುಡುಗನೊಬ್ಬ ಕೇಳಿದ: "ಸರ್, ಹಾಗಾದರೆ ಇದು ಆ ಕಾಲದ ಸಿಸಿಟಿವಿಯಾ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಬಸ್ಸಿನಲ್ಲಿ ಮರಳಿ ಬರುವಾಗ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಯಾಕೆಂದರೆ ಅದೇ ವಾರ ನಮ್ಮ ಊರಿನ ಒಂದು ಮನೆಯ ಅಂಗಳದಿಂದ ಒಣಗಲು ಹಾಕಿದ್ದ ಅಡಿಕೆ ರಾತ್ರೋರಾತ್ರಿ ಕಾಣೆಯಾಗಿತ್ತು. ಆ ಮನೆಯಲ್ಲಿ ಇದ್ದವರು ಇಬ್ಬರು ವೃದ್ಧರು ಮಾತ್ರ. ಮಕ್ಕಳು ದೂರದ ಊರಿನಲ್ಲಿ. ಸುದ್ದಿ ಕೇಳಿದ ಗಲ್ಫಿನಲ್ಲಿರುವ ನಮ್ಮ ಅಣ್ಣ ಅದೇ ರಾತ್ರಿ ಫೋನ್ ಮಾಡಿದ: "ನೀವು ಶಾಲೆಗೆ ಹೋದರೆ ಮನೆಯಲ್ಲಿ ಅಮ್ಮ ಒಬ್ಬರೇ ಅಲ್ಲವಾ? ಒಂದು ಕ್ಯಾಮರಾ ಹಾಕಿಸು. ದುಡ್ಡು ನಾನು ಕೊಡುತ್ತೇನೆ."

ಹಾಗೆ ನಮ್ಮ ಮನೆಗೂ ಒಂದು ಕಣ್ಣು ಬಂತು. ವಯರಿಲ್ಲದ್ದು, ಹೊರಗೆ ಗೋಡೆಗೆ ಹಾಕುವಂಥದ್ದು, ಬೆಲೆ ನಾಲ್ಕು ಸಾವಿರ ರೂಪಾಯಿಯ ಒಳಗೆ. ಅದನ್ನು ಆರು ತಿಂಗಳು, ಅಂದರೆ ಬೇಸಗೆಯಲ್ಲೂ ಮಳೆಯಲ್ಲೂ ಪರೀಕ್ಷೆ ಮಾಡಿ ನೋಡಿದ್ದೇವೆ. ಅದರ ಫಲಿತಾಂಶವನ್ನು ಬರೆಯೋಣವೆಂದು ಕುಳಿತರೆ ಚರಿತ್ರೆ ಕಲಿಸುವವರ ಚಾಳಿ ಬಿಡಬೇಕಲ್ಲ! ಕಾವಲು ಎಂಬುದರ ಹಿಂದಿನ ಕಥೆಯನ್ನೂ ಸೇರಿಸಿಯೇ ಹೇಳುತ್ತೇವೆ.

ಬುರುಜು ಯಾರಿಗಾಗಿ ನೋಡುತ್ತಿತ್ತು?

ಬೇಕಲ ಕೋಟೆ ಕಟ್ಟಿಸಿದವರು ಇಕ್ಕೇರಿಯ ನಾಯಕರು. ಸುಮಾರು 1650ರಲ್ಲಿ ಶಿವಪ್ಪ ನಾಯಕನ ಕಾಲದಲ್ಲಿ ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಸುಮಾರು 40 ಎಕ್ರೆಯಷ್ಟು ಜಾಗದಲ್ಲಿ ಹರಡಿರುವ ಇದು ಇಂದು ಕೇರಳದ ಅತಿ ದೊಡ್ಡ ಕೋಟೆ. ಚಂದ್ರಗಿರಿ, ಕಾಸರಗೋಡು, ಆರಿಕ್ಕಾಡಿ, ಹೊಸದುರ್ಗ, ಪೊವ್ವಲ್ ಹೀಗೆ ನಮ್ಮ ಜಿಲ್ಲೆಯಲ್ಲಿ ಹೆಜ್ಜೆಗೊಂದು ಕೋಟೆ ಸಿಗುತ್ತದೆ. ಕಾರಣ ಇಷ್ಟೆ: ಇಕ್ಕೇರಿಯವರಿಗೆ ಇದು ರಾಜ್ಯದ ತೆಂಕಣ ಗಡಿ. ಮಲಬಾರಿನ ಕಡೆಯಿಂದ ಬರುವವರ ಮೇಲೆ, ಕಡಲಿನಿಂದ ಬರುವವರ ಮೇಲೆ ಒಂದು ಕಣ್ಣು ಬೇಕಿತ್ತು. ಹೊಳೆಯ ಬಾಯಿ, ಬಂದರು, ಕಾಳುಮೆಣಸು ಮತ್ತು ಅಕ್ಕಿ ಸಾಗುವ ದಾರಿ, ಇವೆಲ್ಲ ಬೊಕ್ಕಸಕ್ಕೆ ಹಣ ತರುವ ಜಾಗಗಳು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಈ ಸೀಮೆ ಮೈಸೂರಿನ ಆಳ್ವಿಕೆಗೆ ಹೋಯಿತು. ನಾವು ಹತ್ತಿದ ವೀಕ್ಷಣಾ ಬುರುಜು ಟಿಪ್ಪುವಿನ ಕಾಲದ್ದೆಂದು ಹೇಳುವುದುಂಟು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೋಟೆ ಕಂಪೆನಿ ಸರಕಾರದ ಕೈಗೆ ಬಂತು. ಆಮೇಲೆ ಕೆನರಾ ಜಿಲ್ಲೆ ಎರಡಾಗಿ ನಾವು ದಕ್ಷಿಣ ಕೆನರಾದಲ್ಲಿ ಉಳಿದೆವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಬುರುಜು ಇದ್ದಲ್ಲೇ ಇದೆ, ಅದರ ಸುತ್ತಲಿನ ಗಡಿ ಮಾತ್ರ ತಿರುಗುತ್ತಾ ಬಂದಿದೆ.

ಒಂದು ಮಾತು ಮಕ್ಕಳಿಗೆ ಒತ್ತಿ ಹೇಳಬೇಕು. ಬುರುಜಿನ ಮೇಲಿದ್ದ ಕಣ್ಣು ಅರಸನದ್ದು. ಅದು ಕಾಯುತ್ತಿದ್ದದ್ದು ರಾಜ್ಯವನ್ನು, ಸುಂಕವನ್ನು. ಕೆಳಗಿನ ಗುಡಿಸಲಿನ ಕೋಳಿಯನ್ನು ಯಾರು ಕದ್ದರು ಎಂದು ನೋಡಲು ಆ ಬುರುಜು ಕಟ್ಟಿದ್ದಲ್ಲ. ಬಡವನ ಮನೆಯ ಕಾವಲು ಬಡವನದ್ದೇ.

ಊರಿನ ಕಾವಲು, ಮನೆಯ ಕಾವಲು

ಕನ್ನಡ ನಾಡಿನಲ್ಲಿ ಊರಿನ ಕಾವಲಿನ ಹಳೆಯ ದಾಖಲೆಗಳು ಯಾವುವು ಎಂದು ಕೇಳಿದರೆ ನಾವು ವೀರಗಲ್ಲುಗಳನ್ನು ತೋರಿಸುತ್ತೇವೆ. ತುರುಗೋಳ್, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವವರ ಎದುರು ಹೋರಾಡಿ ಸತ್ತವರಿಗೆ ಊರವರು ಕಲ್ಲು ನೆಟ್ಟರು. ಅರಸರ ಹೆಸರು ತಾಮ್ರಪಟದಲ್ಲಿ ಉಳಿಯಿತು, ದನ ಕಾಯ್ದವನ ಹೆಸರು ಕಲ್ಲಿನಲ್ಲಿ ಉಳಿಯಿತು.

ನಗರದ ಕಾವಲಿನ ವಿವರ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಈ ಗ್ರಂಥ ಮತ್ತೆ ಬೆಳಕಿಗೆ ಬಂದದ್ದೇ ನಮ್ಮ ಮೈಸೂರಿನಲ್ಲಿ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ಪ್ರಕಾರ ರಾತ್ರಿ ವಾದ್ಯ ಮೊಳಗಿದ ಮೇಲೆ ಬೀದಿಯಲ್ಲಿ ಸುಮ್ಮನೆ ತಿರುಗುವಂತಿಲ್ಲ. ನಮಗೆ ಬಹಳ ಮೆಚ್ಚಿಗೆಯಾದದ್ದು ಕಾವಲುಗಾರರ ಬಗ್ಗೆ ಇರುವ ನಿಯಮ. ತಡೆಯಬೇಕಾದವನನ್ನು ಬಿಟ್ಟರೆ ಕಾವಲುಗಾರನಿಗೆ ಶಿಕ್ಷೆ. ಸರಿ, ಅದು ನ್ಯಾಯವೇ. ಆದರೆ ತಡೆಯಬಾರದವನನ್ನು ತಡೆದರೂ ಶಿಕ್ಷೆ! ಎರಡೂ ತಪ್ಪೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಘಟ್ಟದ ಮೇಲಿನ ಊರುಗಳಲ್ಲಿ ಮನೆಗಳು ಒತ್ತಾಗಿ ಇರುತ್ತವೆ. ಅಲ್ಲಿ ತಳವಾರನೆಂಬ ಊರ ಕಾವಲುಗಾರನಿದ್ದ, ಬೆಳೆಯಲ್ಲಿ ಅವನಿಗೂ ಆಯ ಸಲ್ಲುತ್ತಿತ್ತು. ನಮ್ಮ ಕಡೆ ಹಾಗಲ್ಲ. ಒಂದು ಗುಡ್ಡದ ಬುಡದಲ್ಲಿ ಒಂದು ಮನೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು. ಹಾಗಾಗಿ ಪ್ರತಿ ಮನೆಯೂ ತನ್ನ ಕಾವಲನ್ನು ತಾನೇ ಏರ್ಪಾಡು ಮಾಡಿಕೊಳ್ಳಬೇಕಿತ್ತು. ನಾವು ತರಗತಿಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು: ಮನೆಯ ಹಿರಿಯರನ್ನು ಕೇಳಿ ಕಾವಲಿಗೆ ಸಂಬಂಧಿಸಿದ ಹಳೆಯ ಪದಗಳನ್ನು ಬರೆದುಕೊಂಡು ಬನ್ನಿ. ಬಂದ ಪಟ್ಟಿ ನೋಡಿ ನಮಗೇ ಆಶ್ಚರ್ಯವಾಯಿತು. ತೋಟದ ಸುತ್ತ ತೋಡಿದ ಅಗಳು. ದರೆ. ದನ ಬಾರದಂತೆ, ಮನುಷ್ಯ ದಾಟಿ ಬರುವಂತೆ ಕಟ್ಟಿದ ತಡಮೆ. ಕೋಲುಗಳನ್ನು ಸರಿಸಿ ದಾಟುವ ಉಣುಗೋಲು. ಗದ್ದೆಯಲ್ಲಿ ಹಂದಿ ಕಾಯಲು ಕಟ್ಟಿದ ಅಟ್ಟಣಿಗೆ. ಬೆರ್ಚಪ್ಪ. ಬಾಗಿಲಿನ ಅಗುಳಿ. ರಾತ್ರಿ ಜಗಲಿಯಲ್ಲೇ ಮಲಗುವ ಅಜ್ಜ, ಅವರ ಕೆಮ್ಮು! (ಇದನ್ನು ಬರೆದ ಹುಡುಗಿಗೆ ಪೂರ್ಣ ಅಂಕ ಕೊಟ್ಟೆವು. ಜಗಲಿಯಲ್ಲಿ ಕೆಮ್ಮುವ ಅಜ್ಜನಿಗಿಂತ ದೊಡ್ಡ ಕಾವಲು ಯಾವುದಿದೆ?)

ಮನುಷ್ಯರ ಕಣ್ಣು ಸಾಲದಿದ್ದಲ್ಲಿ ದೈವಗಳ ಕಣ್ಣು. ತೋಟದ ಮೂಲೆಯ ಗುಳಿಗನ ಕಲ್ಲು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ವಸ್ತು ಕಳೆದುಹೋದರೆ ಕೊರಗಜ್ಜನಿಗೆ ಹರಕೆ ಹೇಳುವುದು ಇಂದಿಗೂ ನಿಂತಿಲ್ಲ. ಕುಂಬಳೆ ಹತ್ತಿರದ ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಗುಡಿಯ ಕಾವಲು ಎಂದೇ ಜನ ನಂಬಿದ್ದರು. ಅದು 2022ರ ಅಕ್ಟೋಬರಿನಲ್ಲಿ ಸತ್ತಾಗ ನೋಡಲು ಸೇರಿದ ಜನರನ್ನು ನೆನಪಿಸಿಕೊಳ್ಳಿ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ "ಯಾರೋ ನೋಡುತ್ತಿದ್ದಾರೆ" ಎಂಬ ಭಯ ಕಳ್ಳನ ಕೈ ತಡೆಯುತ್ತದೆ ಎಂಬ ಸತ್ಯವನ್ನು ನಮ್ಮ ಹಿರಿಯರು ಕ್ಯಾಮರಾಕ್ಕಿಂತ ಮೊದಲೇ ತಿಳಿದಿದ್ದರು.

ಕ್ಯಾಮರಾ ಕಾವಲಿಗೆ ನಿಂತದ್ದು

ಇನ್ನು ಯಂತ್ರದ ಕಥೆ. ಟೆಲಿವಿಷನ್ ಕ್ಯಾಮರಾವನ್ನು ಪ್ರಸಾರಕ್ಕಲ್ಲದೆ ಬರೇ ನೋಡುವುದಕ್ಕೆ ಬಳಸಿದ ಮೊದಲ ಉದಾಹರಣೆಗಳಲ್ಲಿ ಒಂದು ಜರ್ಮನಿಯದ್ದು. 1942ರಲ್ಲಿ ಪೇನಮ್ಯುಂಡೆ ಎಂಬಲ್ಲಿ ವಿ-2 ರಾಕೆಟ್ ಹಾರಿಸುವಾಗ ಹತ್ತಿರ ನಿಂತು ನೋಡುವುದು ಪ್ರಾಣಕ್ಕೆ ಅಪಾಯ. ಹಾಗಾಗಿ ವಾಲ್ಟರ್ ಬ್ರೂಖ್ ಎಂಬ ಇಂಜಿನಿಯರ್ ದೂರದಿಂದ ನೋಡಲು ಕ್ಯಾಮರಾ ವ್ಯವಸ್ಥೆ ಮಾಡಿದ. ಇದೂ ಬೇಕಲದ ಬುರುಜಿನಂತೆ ಸರಕಾರದ, ಸೈನ್ಯದ ಕಣ್ಣೇ.

ಮನೆಯ ಬಾಗಿಲಿಗೆ ಕ್ಯಾಮರಾ ತಂದವಳು ಒಬ್ಬಳು ನರ್ಸ್. ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿ ವಾಸವಾಗಿದ್ದ ಕಪ್ಪು ಜನಾಂಗದ ಮಹಿಳೆ. ಅವಳ ಮತ್ತು ಗಂಡನ ಕೆಲಸದ ಹೊತ್ತು ಬೇರೆ ಬೇರೆ, ರಾತ್ರಿ ಮನೆಯಲ್ಲಿ ಒಬ್ಬಳೇ ಇರಬೇಕಾಗುತ್ತಿತ್ತು. ಆ ಕೇರಿಯಲ್ಲಿ ಕರೆದರೂ ಪೊಲೀಸರು ಬೇಗ ಬರುತ್ತಿರಲಿಲ್ಲ. ಅವಳೂ ಇಲೆಕ್ಟ್ರಾನಿಕ್ಸ್ ಕೆಲಸ ಬಲ್ಲ ಗಂಡ ಆಲ್ಬರ್ಟನೂ ಸೇರಿ ಒಂದು ವ್ಯವಸ್ಥೆ ಯೋಚಿಸಿದರು. ಬಾಗಿಲಿನಲ್ಲಿ ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಇಣುಕು ತೂತು. ಅವುಗಳ ಹಿಂದೆ ಮೇಲೆ ಕೆಳಗೆ ಜಾರುವ ಕ್ಯಾಮರಾ. ಮಲಗುವ ಕೋಣೆಯಲ್ಲಿ ಟಿವಿ. ಹೊರಗಿನವರ ಜತೆ ಮಾತಾಡಲು ಮೈಕು. ಗುಂಡಿ ಒತ್ತಿದರೆ ಬಾಗಿಲು ತೆರೆಯುವ, ಅಥವಾ ಅಪಾಯದ ಸೂಚನೆ ಕೊಡುವ ಏರ್ಪಾಡು. 1966ರಲ್ಲಿ ಅರ್ಜಿ ಹಾಕಿದರು, 1969ರ ಡಿಸೆಂಬರ್ 2ರಂದು ಪೇಟೆಂಟ್ ಸಿಕ್ಕಿತು. ಖರ್ಚು ಹೆಚ್ಚಾದ್ದರಿಂದ ಅದು ಆಗ ಮನೆಮನೆಗೆ ಬರಲಿಲ್ಲ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ಬಾಗಿಲ ಕ್ಯಾಮರಾದ ಹೆಚ್ಚಿನ ಅಂಶಗಳು ಆ ಕಾಗದದಲ್ಲೇ ಇವೆ. ಬುರುಜಿನ ಕಣ್ಣು ಅರಸನದ್ದಾದರೆ, ಈ ಕಣ್ಣು ಒಬ್ಬಂಟಿ ಹೆಂಗಸಿನದ್ದು. ಈ ವ್ಯತ್ಯಾಸ ಸಣ್ಣದಲ್ಲ.

ಅದೇ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಬೆಳಕನ್ನು ವಿದ್ಯುತ್ತಾಗಿ ಹಿಡಿಯುವ ಸಿಸಿಡಿ ಎಂಬ ಬಿಲ್ಲೆಯನ್ನು ರೂಪಿಸಿದರು. 2009ರಲ್ಲಿ ಇವರಿಗೆ ನೊಬೆಲ್ ಬಂತು. 1990ರ ದಶಕದಲ್ಲಿ ನಾಸಾದ ಎರಿಕ್ ಫಾಸಮ್ ತಂಡ ಇನ್ನೂ ಕಡಿಮೆ ವಿದ್ಯುತ್ ಬಳಸುವ ಸಿಮಾಸ್ ಕ್ಯಾಮರಾ ಬಿಲ್ಲೆಯನ್ನು ಬೆಳೆಸಿತು. ಮೊಬೈಲಿನಲ್ಲಿ, ನಮ್ಮ ಗೋಡೆಯ ಕ್ಯಾಮರಾದಲ್ಲಿ ಇರುವುದು ಇದೇ ಜಾತಿಯದ್ದು. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಕಾಫಿ ಪಾತ್ರೆಯ ಎದುರು ಕ್ಯಾಮರಾ ಇಟ್ಟು, ಕಾಫಿ ಮುಗಿದಿದೆಯೋ ಎಂದು ಕೂತಲ್ಲೇ ನೋಡಿದರು. 1993ರಲ್ಲಿ ಆ ಚಿತ್ರ ಇಂಟರ್‌ನೆಟ್ಟಿಗೂ ಬಂತು. 1997ರಲ್ಲಿ ವೈಫೈಯ ಮೊದಲ ನಿಯಮಾವಳಿ ಬಂತು. ಇಷ್ಟಾದ ಮೇಲೆ ವಯರಿಲ್ಲದ ಮನೆ ಕ್ಯಾಮರಾಕ್ಕೆ ಬಾಕಿಯಿದ್ದದ್ದು ಬೆಲೆ ಇಳಿಯುವುದು ಮಾತ್ರ.

ನಮ್ಮ ಪುತ್ತೂರಿನ ಕೊಂಡಿ

ಇಲ್ಲಿ ಒಂದು ಕೊಂಡಿ ಬಿಟ್ಟುಹೋಗಬಾರದು. ಬ್ಯಾಟರಿ ಕ್ಯಾಮರಾ ಇಡೀ ದಿನ ಎಚ್ಚರವಾಗಿ ಇರುವುದಿಲ್ಲ. ಹಾಗಿದ್ದರೆ ಬ್ಯಾಟರಿ ಬೇಗನೆ ಮುಗಿದೀತು. ಅದು ನಿದ್ದೆ ಮಾಡುತ್ತಿರುತ್ತದೆ, ಮೈಬಿಸಿ ಇರುವ ಪ್ರಾಣಿ ಎದುರು ಸುಳಿದಾಗ ಮಾತ್ರ ಎದ್ದು ಚಿತ್ರ ತೆಗೆಯುತ್ತದೆ. ಈ ಉಪಾಯ ಕಾಡಿನವರಿಗೆ ಮೊದಲೇ ಪರಿಚಿತ.

1920ರ ದಶಕದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರ ಭಾರತದ ಕಾಡಿನ ದಾರಿಗೆ ಅಡ್ಡವಾಗಿ ತಂತಿ ಕಟ್ಟಿ, ಹುಲಿ ಅದನ್ನು ಮುಟ್ಟಿದಾಗ ತಾನಾಗಿ ಚಿತ್ರ ತೆಗೆಯುವಂತೆ ಮಾಡಿದ. ಕೋವಿಯ ಬದಲು ಕ್ಯಾಮರಾ ಹಿಡಿದವನು ಅವನು. 1990ರ ದಶಕದಲ್ಲಿ ಇದನ್ನು ಲೆಕ್ಕದ ಶಾಸ್ತ್ರವಾಗಿ ಬೆಳೆಸಿದವರು ನಮ್ಮ ನೆರೆಯ ಪುತ್ತೂರಿನಲ್ಲಿ ಹುಟ್ಟಿದ ಡಾ. ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ. ನಾಗರಹೊಳೆಯಲ್ಲಿ ಹುಲಿ ಹಾಯುವ ದಾರಿಗಳಲ್ಲಿ ಕ್ಯಾಮರಾ ಇಟ್ಟರು. ನಮ್ಮ ಬೆರಳಚ್ಚಿನಂತೆ ಹುಲಿಯ ಪಟ್ಟೆಯೂ ಒಂದರದ್ದು ಇನ್ನೊಂದಕ್ಕೆ ಇಲ್ಲ. ಸಿಕ್ಕಿದ ಹುಲಿ ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರಿಂದ ಒಟ್ಟು ಹುಲಿಗಳನ್ನು ಅಂದಾಜು ಮಾಡುವ ಕ್ರಮದ ಬಗ್ಗೆ 1995ರಲ್ಲಿ ಪ್ರಬಂಧ ಪ್ರಕಟಿಸಿದರು. ಇಂದು ಹುಲಿಗಣತಿಗೆ ಇದೇ ಆಧಾರ. ನಮ್ಮ ಜಿಲ್ಲೆಯ ಕಾಡಂಚಿನ ಊರುಗಳಲ್ಲಿ ಚಿರತೆಯ ಸುದ್ದಿ ಬಂದಾಗ ಅರಣ್ಯ ಇಲಾಖೆಯವರು ಮರಕ್ಕೆ ಕಟ್ಟುವ ಕ್ಯಾಮರಾವೂ ಇದೇ ವಂಶದ್ದು. ನಮ್ಮ ಅಂಗಳದ್ದು ಅದರ ತಮ್ಮ ಎನ್ನಬಹುದು.

ಪರೀಕ್ಷೆಯ ಫಲಿತಾಂಶ

ಈಗ ಪರೀಕ್ಷೆಯ ವಿಚಾರ. ಕಂಪೆನಿಯ ಹೆಸರು ಬೇಡ, ಈ ಬೆಲೆಯಲ್ಲಿ ಸಿಗುವ ಎಲ್ಲದರ ಹಣೆಬರಹವೂ ಹೆಚ್ಚುಕಡಿಮೆ ಒಂದೇ.

ಮೊದಲನೆಯದು ಗೋಡೆ. ನಮ್ಮದು ಮುರಕಲ್ಲಿನ ಹಳೆಯ ಮನೆ, ಗೋಡೆ ದಪ್ಪ. ರೌಟರ್ ಚಾವಡಿಯೊಳಗೆ ಇತ್ತು. ಎರಡು ಗೋಡೆ ದಾಟುವಾಗ ವೈಫೈ ಸೊರಗಿ ಹೋಗುತ್ತಿತ್ತು. ಮೂರು ದಿನ ಕ್ಯಾಮರಾವನ್ನು ಬೈದೆವು. ಆಮೇಲೆ ರೌಟರನ್ನು ಕಿಟಕಿಯ ದಂಡೆಗೆ ಇಟ್ಟಾಗ ಸರಿಯಾಯಿತು. ಈ ಕ್ಯಾಮರಾಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈಯನ್ನೇ ಹಿಡಿಯುತ್ತವೆ. ಅದು 5 ಗಿಗಾಹರ್ಟ್ಸಿಗಿಂತ ಗೋಡೆ ದಾಟುವುದರಲ್ಲಿ ವಾಸಿ, ಆದರೆ ಮುರಕಲ್ಲಿಗೆ ಅದೂ ಸೋಲುತ್ತದೆ.

ಎರಡನೆಯದು ಬಿಸಿಲು. ಮಾರ್ಚ್, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ನಾವೇ ಅಂಗಳದಲ್ಲಿ ಅಡ್ಡಾಡಿದರೂ ಕ್ಯಾಮರಾ ಏಳಲಿಲ್ಲ! ಕಾರಣ ಸುಲಭ. ಅದು ಗುರುತಿಸುವುದು ಮೈಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸವನ್ನು. ಅಂಗಳವೇ ಮೈಯಷ್ಟು ಬಿಸಿಯಾದರೆ ಅದಕ್ಕೆ ಮನುಷ್ಯನೂ ಅಂಗಳವೂ ಒಂದೇ. ರಾತ್ರಿ ತಂಪಿನಲ್ಲಿ ಬೆಕ್ಕು ದಾಟಿದರೂ ಎದ್ದು ಫೋನಿಗೆ ಸುದ್ದಿ ಕಳುಹಿಸುತ್ತಿತ್ತು. ಇನ್ನೊಂದು: ನೇರ ಎದುರಿನಿಂದ ಬರುವವರಿಗಿಂತ ಅಡ್ಡ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ. ಹಾಗಾಗಿ ಗೇಟಿಗೆ ಮುಖ ಮಾಡಿ ಇಡುವ ಬದಲು ದಾರಿಗೆ ಓರೆಯಾಗಿ ಇಟ್ಟರೆ ಒಳ್ಳೆಯದು.

ಮೂರನೆಯದು ವಿಳಂಬ. ನಿದ್ದೆಯಿಂದ ಏಳಲು ಅದಕ್ಕೆ ಎರಡು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ಬಂದವರು ತಿರುಗಿರುತ್ತಾರೆ. ಮೊದಲ ವಾರ ನಮಗೆ ಸಿಕ್ಕಿದ್ದು ಊರವರ ಬೆನ್ನುಗಳ ಚಿತ್ರ ಮಾತ್ರ. (ಬೆನ್ನು ನೋಡಿ ಇಂಥವರು ಎಂದು ಹೇಳುವುದರಲ್ಲಿ ಅಮ್ಮ ನೂರಕ್ಕೆ ನೂರು!)

ನಾಲ್ಕನೆಯದು ಜೇಡ. ರಾತ್ರಿ ಕಣ್ಣಿಗೆ ಕಾಣದ ಕೆಂಪಾತೀತ ಬೆಳಕಿನಲ್ಲಿ ಅದು ನೋಡುತ್ತದೆ. ಅದರ ಸುತ್ತ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಲೆನ್ಸಿನ ಎದುರೇ ಬಲೆ ಕಟ್ಟುತ್ತದೆ. ಆಮೇಲೆ ಚಿತ್ರವೆಲ್ಲ ಬೆಳ್ಳಗೆ. ವಾರಕ್ಕೊಮ್ಮೆ ಹಿಡಿಸೂಡಿಯ ತುದಿಯಿಂದ ಬಲೆ ತೆಗೆಯುವುದೇ ಮದ್ದು.

ಐದನೆಯದು ಮಳೆ. ಪೆಟ್ಟಿಗೆಯ ಮೇಲೆ ಐಪಿ65 ಎಂದಿತ್ತು. 6 ಎಂದರೆ ಧೂಳು ಒಳಗೆ ಹೋಗದು, 5 ಎಂದರೆ ಸುತ್ತಲಿಂದ ನೀರು ಚಿಮ್ಮಿದರೂ ತಡೆಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬರುವ ನಮ್ಮ ಊರಿನಲ್ಲಿ ನಾವು ಅದನ್ನು ನಂಬದೆ ಮಾಡಿನ ಅಡಿಯಲ್ಲೇ ಹಾಕಿದೆವು. ನೀರು ಒಳಗೆ ಹೋಗಲಿಲ್ಲ. ಆದರೆ ಜತೆಗೆ ಬಂದ ಸಣ್ಣ ಸೋಲಾರ್ ಹಲಗೆ ಜೂನ್ ತಿಂಗಳಲ್ಲಿ ಕೈಕೊಟ್ಟಿತು. ಬಿಸಿಲಿಲ್ಲದೆ ಅದೇನು ಮಾಡೀತು? ಮೂರು ವಾರಕ್ಕೊಮ್ಮೆ ಏಣಿ ಹತ್ತಿ ಬ್ಯಾಟರಿ ಇಳಿಸಿ ಚಾರ್ಜ್ ಮಾಡಬೇಕಾಯಿತು. ಗಾಳಿಮಳೆಗೆ ಕರೆಂಟು ಹೋದರೆ ರೌಟರ್ ಸಾಯುತ್ತದೆ, ಫೋನಿಗೆ ಸುದ್ದಿ ಬರುವುದಿಲ್ಲ. ಆಗ ಉಪಯೋಗಕ್ಕೆ ಬಂದದ್ದು ಒಳಗೆ ಹಾಕಿದ ಮೆಮೊರಿ ಕಾರ್ಡ್. ಸುದ್ದಿ ಬಾರದಿದ್ದರೂ ಚಿತ್ರ ಅದರಲ್ಲಿ ಉಳಿದಿತ್ತು. ಕಾರ್ಡ್ ಇಲ್ಲದೆ ಇಂಥ ಕ್ಯಾಮರಾ ಹಾಕಬೇಡಿ. ಸಿಡಿಲು ಬರುವ ಸಂಜೆಗಳಲ್ಲಿ ರೌಟರಿನ ಪ್ಲಗ್ ತೆಗೆಯಲು ಮರೆಯಬೇಡಿ.

ಆರನೆಯದು ಬೀಗ. ಕ್ಯಾಮರಾಕ್ಕೂ ಬೀಗ ಬೇಕು, ಅದೇ ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮರಾ, ರೌಟರುಗಳನ್ನು ವಶಮಾಡಿಕೊಂಡು ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಉರುಳಿಸಿತು. ಮನೆಯ ಕಾವಲುಗಾರನೇ ಕಳ್ಳನ ಕಡೆ ಸೇರಿದಂತೆ! ನಮ್ಮ ದೇಶದಲ್ಲಿಯೂ ಸಿಸಿಟಿವಿಗಳ ಭದ್ರತಾ ಪರೀಕ್ಷೆಯ ಬಗ್ಗೆ 2024ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಹೊಸ ನಿಯಮ ಪ್ರಕಟಿಸಿತು. ಕೊಳ್ಳುವಾಗ ಆ ಪ್ರಮಾಣಪತ್ರ ಇದೆಯೇ ಎಂದು ಕೇಳಿ.

ಕೊನೆಯದಾಗಿ ಭಾಷೆ. ನಮಗೆ ಸಿಕ್ಕಿದ ಕ್ಯಾಮರಾ ಇಂಗ್ಲಿಷ್ ಮಾತಾಡುತ್ತದೆ, ಹಿಂದಿ ಮಾತಾಡುತ್ತದೆ. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಅಮ್ಮನಿಗೆ ಓದಲು ಬರುವುದು ಕನ್ನಡ ಒಂದೇ. ಅವರನ್ನು ಕಾಯಲು ತಂದ ಯಂತ್ರ ಅವರಿಗೆ ಒಂದಕ್ಷರ ಹೇಳಲಾರದು. ಕಚೇರಿಯ ನಮೂನೆ ಕನ್ನಡದಲ್ಲಿ ಬೇಕೆಂದು ಕೇಳುತ್ತಾ ಬಂದ ನಮ್ಮ ಕಾಸರಗೋಡಿನವರಿಗೆ ಇದು ಹೊಸ ಅನುಭವವೇನೂ ಅಲ್ಲ.

ಬಾರದೆ ಹೋದವರು

ಇಷ್ಟೆಲ್ಲ ಆದರೂ ಕ್ಯಾಮರಾದಿಂದ ಉಪಕಾರವಾಯಿತು. ಅಡಿಕೆ ಅಂಗಳದಲ್ಲಿ ನಲವತ್ತು ದಿನಕ್ಕೂ ಹೆಚ್ಚು ಒಣಗಬೇಕು, ಅಷ್ಟೂ ರಾತ್ರಿ ನಾವು ನಿದ್ದೆ ಮಾಡಿದೆವು. ಒಂದು ಮಧ್ಯಾಹ್ನ ಅಮ್ಮ ಮೆಟ್ಟಿಲಲ್ಲಿ ಕಾಲು ಜಾರಿ ಕುಳಿತದ್ದನ್ನು ಗಲ್ಫಿನಲ್ಲಿದ್ದ ಅಣ್ಣ ನೋಡಿ ಶಾಲೆಗೆ ಫೋನ್ ಮಾಡಿದ. ಹತ್ತು ನಿಮಿಷದಲ್ಲಿ ಮನೆ ಮುಟ್ಟಿದೆವು. ಅದೊಂದಕ್ಕೇ ಕೊಟ್ಟ ದುಡ್ಡು ಸಂದಾಯವಾಯಿತು ಎಂದುಕೊಂಡೆವು.

ಆದರೆ ಎರಡು ತಿಂಗಳು ಕಳೆದ ಮೇಲೆ ಅಮ್ಮ ಒಂದು ಮಾತು ಹೇಳಿದರು: "ಈಗ ಯಾರೂ ಈ ದಾರಿಯಾಗಿ ಬರುವುದಿಲ್ಲ."

ನಮ್ಮ ಅಂಗಳದ ಬದಿಯಾಗಿ ಒಂದು ಕಾಲುದಾರಿ ಇದೆ. ಆಚೆ ಮನೆಯ ಹೆಂಗಸು ಪ್ರತಿ ಬೆಳಗ್ಗೆ ಹಾಲಿನ ಸೊಸೈಟಿಗೆ ಹೋಗುವುದು ಉಣುಗೋಲು ಸರಿಸಿ ಆ ದಾರಿಯಾಗಿ. ಹೋಗುವಾಗ "ಅಮ್ಮಾ, ಎದ್ದಿರಾ?" ಎಂದು ಕರೆಯುವುದು, ಬರುವಾಗ ಜಗಲಿಯಲ್ಲಿ ಎರಡು ನಿಮಿಷ ಕೂರುವುದು ಎಷ್ಟೋ ವರ್ಷಗಳ ಅಭ್ಯಾಸ. ನಾವು ಮೆಮೊರಿ ಕಾರ್ಡ್ ತೆಗೆದು ನೋಡಿದೆವು. ಮೊದಲ ವಾರದ ಚಿತ್ರಗಳಲ್ಲಿ ಅವರು ಇದ್ದಾರೆ. ಒಂದು ದಿನ ನಿಂತು ಕ್ಯಾಮರಾವನ್ನೇ ದಿಟ್ಟಿಸಿ ನೋಡಿದ್ದಾರೆ, ಸೆರಗು ಸರಿಮಾಡಿಕೊಂಡಿದ್ದಾರೆ. ಆಮೇಲಿನ ಚಿತ್ರಗಳಲ್ಲಿ ಅವರಿಲ್ಲ. ಕಳ್ಳನನ್ನು ಹಿಡಿಯಲು ಇಟ್ಟ ಯಂತ್ರ ನಮಗೆ ತೋರಿಸಿಕೊಟ್ಟದ್ದು ಬಾರದೆ ಹೋದವರನ್ನು.

ನಾವು ಅವರ ಮನೆಗೆ ಹೋಗಿ ಕೇಳಿದೆವು. ಸಿಟ್ಟೇನೂ ಇರಲಿಲ್ಲ. "ನೀವು ಹಾಕಿದ್ದು ಒಳ್ಳೆಯದಕ್ಕೇ ಮಾಷ್ಟ್ರೇ. ಆದರೆ ಹರಕು ಸೀರೆಯಲ್ಲಿ ಹೋಗುವುದನ್ನು ದೂರದ ದೇಶದಿಂದ ನೋಡುತ್ತಾರೆ ಎಂದರೆ ಒಂಥರಾ ಆಗುತ್ತದೆ. ನಾಳೆ ಏನಾದರೂ ಕಳೆದುಹೋದರೆ ಮೊದಲು ಕಾಣುವುದು ನಾನೇ ಅಲ್ಲವಾ?" ಎಂದರು. ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ.

ಆಗ ಕೌಟಿಲ್ಯನ ನಿಯಮ ನೆನಪಾಯಿತು. ತಡೆಯಬಾರದವರನ್ನು ತಡೆದ ಕಾವಲುಗಾರನೂ ತಪ್ಪಿತಸ್ಥನೇ. ಕಾಸರಗೋಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಕಾಲಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ತಡೆಯಲ್ಪಟ್ಟದ್ದು ರೋಗ ಮಾತ್ರ ಅಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳೂ ತಲಪಾಡಿಯಲ್ಲಿ ನಿಂತರು. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಕಾವಲು ಅತಿಯಾದರೆ ಏನಾಗುತ್ತದೆ ಎಂದು ಆಗ ನಾವೇ ಅನುಭವಿಸಿದ್ದೇವೆ. ಈಗ ನಮ್ಮ ಅಂಗಳದಲ್ಲಿ ನಾವೇ ಅದನ್ನು ಮಾಡಿದ್ದೆವು, ಸಣ್ಣ ಪ್ರಮಾಣದಲ್ಲಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟು ಹತ್ತಿದವರು, 2024ರಲ್ಲಿ ತೀರಿಕೊಂಡರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನೂ ಬಂತು. ಆದರೆ ಮನೆಯವರು ಸ್ವಂತಕ್ಕೆ, ಮನೆಯ ಮಟ್ಟಿಗೆ ಬಳಸುವುದಕ್ಕೆ ಅದು ಅನ್ವಯಿಸದು. ಅಂದರೆ ಆಚೆ ಮನೆಯವರ ಮಾನವನ್ನು ಕಾಯುವ ಕೆಲಸವನ್ನು ಈ ಕಾನೂನು ನಮ್ಮ ವಿವೇಕಕ್ಕೇ ಬಿಟ್ಟಿದೆ.

ಅದೇ ಸಂಜೆ ಏಣಿ ಹತ್ತಿದೆವು. ಕ್ಯಾಮರಾವನ್ನು ಎಡಕ್ಕೆ ತಿರುಗಿಸಿ ಅಡಿಕೆ ಅಂಗಳ ಮತ್ತು ನಮ್ಮ ಮೆಟ್ಟಿಲು ಮಾತ್ರ ಕಾಣುವಂತೆ ಮಾಡಿದೆವು. ಆ್ಯಪಿನಲ್ಲಿ ಕಾಲುದಾರಿಯ ಅಂಚು ಕಾಣುವ ಭಾಗಕ್ಕೆ ಕಪ್ಪು ಪರದೆ ಹಾಕುವ ಸೌಕರ್ಯ ಇತ್ತು, ಅದನ್ನೂ ಹಾಕಿದೆವು. ಮಾತು ದಾಖಲಾಗುವುದನ್ನು ನಿಲ್ಲಿಸಿದೆವು. ಆಮೇಲೆ ಅವರನ್ನು ಕರೆದು ಫೋನಿನಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ತೋರಿಸಿದೆವು. ಅಣ್ಣನಿಗೆ ಇದು ಅಷ್ಟು ಸರಿ ಕಾಣಲಿಲ್ಲ. "ಕಳ್ಳ ಆ ದಾರಿಯಲ್ಲೇ ಬಂದರೆ?" ಎಂದ. ಬರಬಹುದು. ಆದರೆ ನಾವು ಶಾಲೆಗೆ ಹೋದ ಮೇಲೆ ಅಮ್ಮ ಎದ್ದಿದ್ದಾರೋ ಇಲ್ಲವೋ ಎಂದು ಕೂಗಿ ಕೇಳುವುದು ಕ್ಯಾಮರಾ ಅಲ್ಲ, ಆ ದಾರಿಯಲ್ಲಿ ಬರುವವರು ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ" ಎಂದ.

ನಾಲ್ಕೈದು ದಿನ ಕಳೆದು ಬೆಳಗ್ಗೆ ಉಣುಗೋಲು ಸರಿಯುವ ಸದ್ದು ಕೇಳಿತು. "ಅಮ್ಮಾ, ಎದ್ದಿರಾ?" ಅಮ್ಮ ಒಳಗಿನಿಂದಲೇ "ಬಾ" ಎಂದರು. ಕ್ಯಾಮರಾದಲ್ಲಿ ಇದು ದಾಖಲಾಗಲಿಲ್ಲ.

ಕ್ಯಾಮರಾ ಹಾಕಬೇಡಿ ಎಂದು ನಾವು ಹೇಳುವುದಿಲ್ಲ. ವೃದ್ಧರು ಒಬ್ಬರೇ ಇರುವ ಮನೆಗಳು ನಮ್ಮ ಊರುಗಳಲ್ಲಿ ಹೆಚ್ಚುತ್ತಿವೆ, ಹಾಕಿ. ಹಾಕುವ ಮೊದಲು ಅದರ ಕಣ್ಣು ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡಿ, ನೆರೆಯವರಿಗೆ ಒಂದು ಮಾತು ತಿಳಿಸಿ. ಆ ಹುಡುಗನ ಪ್ರಶ್ನೆಗೂ ಈಗ ನಮ್ಮಲ್ಲಿ ಉತ್ತರ ಇದೆ. ಹೌದು ಮಗು, ಬುರುಜು ಆ ಕಾಲದ ಸಿಸಿಟಿವಿಯೇ. ಎರಡರ ಬಗ್ಗೆಯೂ ಕೇಳಬೇಕಾದ ಪ್ರಶ್ನೆ ಒಂದೇ: ನೋಡುವವರು ಯಾರು, ಯಾರಿಗಾಗಿ ನೋಡುತ್ತಾರೆ?

ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ತರಗತಿಯ ಮಕ್ಕಳಿಂದಲೂ ಕಾವಲಿನ ಹಳೆಯ ಪದಗಳನ್ನು ಬರೆಸಿ. ತಡಮೆ, ಉಣುಗೋಲುಗಳು ಗೇಟುಗಳಾಗುತ್ತಿವೆ. ವಸ್ತು ಹೋದರೂ ಹೆಸರಾದರೂ ಮಕ್ಕಳ ಪುಸ್ತಕದಲ್ಲಿ ಉಳಿಯಲಿ. ಏನಂತೀರಿ?